ತಿಮ್ಮಿಯ ಕನ್ನಡಕ

ಕುಮಟಾ ಪೇಟೆಯಲ್ಲಿ ತಿಮ್ಮಿಯ ಬದನೆಕಾಯಿಗೆ ಹೆಸರಿಡುವ ಧೈರ್ಯ ಯಾರಿಗೂ ಇರಲಿಲ್ಲ. ಇಟ್ಟವರ ಜನ್ಮ ಜಾಲಾಡಿಯೇ ಆಕೆ ಕಳಿಸುತ್ತಿದ್ದಳು. ಸಂತೆಗುಳಿ ಕಡೆಯಿಂದ ಬೆಳಗಿನ ಬಸ್ಸಿಗೆ ಬುಟ್ಟಿ ಹೇರಿಕೊಂಡು ಬರುವ ಈ ಹಾಲಕ್ಕಿ ಒಕ್ಕಲು ಹೆಂಗಸಿಗೆ ಅರವತ್ತು ದಾಟಿತ್ತು. ಕೊರಳಲ್ಲಿ ಮಣಿಸರ, ಮೂಗಿನ ಮೇಲೆ ದಪ್ಪ ಚೌಕಟ್ಟಿನ ಕನ್ನಡಕ. ಹೋದ ವರ್ಷ ಕಣ್ಣಿನ ಪೊರೆ ತೆಗೆಸಿದ ಮೇಲೆ ಬಂದದ್ದು. ಅದಕ್ಕೂ ಮುಂಚೆ ತಕ್ಕಡಿಯ ಮುಳ್ಳು ಕಾಣದೆ, ಗಿರಾಕಿ ಹೇಳಿದ್ದೇ ತೂಕ ಅಂತ ನಂಬಿ ಕೂತ ದಿನಗಳನ್ನು ಆಕೆ ಮರೆತಿರಲಿಲ್ಲ.

ವೀಣಾಗೆ ಹೊನ್ನಾವರದಲ್ಲಿ ಬ್ಯಾಂಕಿನ ಕೆಲಸ. ಬಸ್ಸು ಬರುವ ಮುಂಚಿನ ಇಪ್ಪತ್ತು ನಿಮಿಷದಲ್ಲಿ ತಿಮ್ಮಿಯ ಪಕ್ಕ ಕೂತು ಅಂಗೈಯಗಲದ ಕಾಗದದ ಮೇಲೆ ಕಂಡದ್ದನ್ನೆಲ್ಲ ಬಣ್ಣದಲ್ಲಿ ಹಿಡಿಯುವ ಹುಚ್ಚು ಅವಳದು. ಒಂದು ದಿನ ಅಘನಾಶಿನಿಯ ದೋಣಿ, ಇನ್ನೊಂದು ದಿನ ಮೀನು ಮಾರುವವಳ ಮುಖ. ತಿಮ್ಮಿಯನ್ನಂತೂ ಹತ್ತು ಸಲ ಬರೆದಿದ್ದಳು. ತಿಮ್ಮಿಗೆ ಅವಳೆಂದರೆ ಮಗಳಷ್ಟು ಪ್ರೀತಿ.

ಆ ಸೋಮವಾರ ವೀಣಾಳ ಜೊತೆ ಶಿಶಿರ ಎಂಬವನೊಬ್ಬ ಬಂದ. ಕಡಲ ದಂಡೆಯ ಹೊಸ ರೆಸಾರ್ಟಿನ ಕೋಣೆಗಳಿಗೆ ಅವನಿಗೆ ಮೂವತ್ತು ಚಿತ್ರ ಬೇಕಿತ್ತು. ದೋಣಿ ಒಪ್ಪಿದ, ಗದ್ದೆ ಒಪ್ಪಿದ. ತಿಮ್ಮಿಯ ಚಿತ್ರ ಕಂಡು ತಡೆದು ನಿಂತ.

"ಮುಖ ಚೆನ್ನಾಗಿದೆ. ಕನ್ನಡಕ ತೆಗೆದುಬಿಡಿ. ಮಣಿ ನಾಲ್ಕು ಸಾಲು ಜಾಸ್ತಿ ಇರಲಿ. ರವಿಕೆ ಬೇಡ, ಹಳೇ ಕಾಲದ ಹಾಗೆ ಮಾಡಿ. ಕೆಳಗೆ 'ಹಾಲಕ್ಕಿ ಮಹಿಳೆ' ಅಂತ ಹಾಕ್ತೇವೆ."

ಎದುರಿಗೇ ಕೂತಿದ್ದ ತಿಮ್ಮಿ ಅವನ ಪಾಲಿಗೆ ಇನ್ನೊಂದು ಬುಟ್ಟಿ. ಆಕೆಗೆ ಮೈಯೆಲ್ಲ ಉರಿಯಿತು. ಅವಳನ್ನು ಹೆತ್ತ ಅವ್ವಿಯ ಫೋಟೋವನ್ನು ಯಾರೋ ಹೀಗೇ ತೆಗೆದುಕೊಂಡು ಹೋಗಿದ್ದರು. ಆಮೇಲೆ ಅದು ಕ್ಯಾಲೆಂಡರಿನಲ್ಲಿ ಬಂತು, ಹೋಟೆಲಿನ ಗೋಡೆಗೂ ಏರಿತು. ಬಂಗಾರಿ ಎಂಬ ಅವ್ವಿಯ ಹೆಸರು ಮಾತ್ರ ಎಲ್ಲೂ ಇರಲಿಲ್ಲ.

ವೀಣಾ ಈಗ ಬೇಡ ಅನ್ನುತ್ತಾಳೆ ಎಂದು ತಿಮ್ಮಿ ಕಾದಳು. ವೀಣಾ ತಲೆ ತಗ್ಗಿಸಿ ರವಿಕೆ ಮುಚ್ಚಲು ಕುಂಚವನ್ನು ಮೈಬಣ್ಣದ ಕಂದಿಗೆ ಅದ್ದಿದಳು. "ಮೊದಲನೇ ಆರ್ಡರು ತಿಮ್ಮಕ್ಕ. ಇದೊಂದು ಚಿತ್ರಕ್ಕೆ ಮಾತ್ರ..."

ಅವನ ಮಾತಿಗಿಂತ ಇವಳ ಕುಂಚವೇ ಹೆಚ್ಚು ಚುಚ್ಚಿತು. ತಿಮ್ಮಿ ಎದ್ದು, ಕಾಗದ, ಕುಂಚ ಎರಡನ್ನೂ ಕಿತ್ತುಕೊಂಡಳು.

"ಕನ್ನಡಕ ತೆಗದ್ರೆ ಅದು ನಾನಲ್ಲ ತಮಾ, ನನ್ನವ್ವಿ. ಅವ್ಳನ್ನ ನಿಮ್ಮಂತೋರು ಆಗ್ಲೇ ಗೋಡೆಗೆ ಹಾಕಿ ಆತು. ಅವ್ಳು ರವಿಕೆ ತೊಡ್ದೇ ಇದ್ದದ್ದು ಅವ್ಳ ಖುಷಿ. ನಾನು ತೊಟ್ಟದ್ದು ನನ್ನ ಖುಷಿ. ಅದ್ನ ಬಿಚ್ಚೂಕೆ ನೀನು ಯಾರು?"

ಪೇಟೆಯ ಆ ಸಾಲೆಲ್ಲ ತಿರುಗಿ ನೋಡಿತು. ಶಿಶಿರ ನಗಲು ನೋಡಿದ. "ಅಜ್ಜೀ, ಸಿಟ್ಟು ಯಾಕೆ? ದೇಶ ವಿದೇಶದ ಜನ ನಿಮ್ಮನ್ನ ನೋಡ್ತಾರೆ."

"ನೋಡ್ಲಿ. ನಾನೂ ಅವ್ರನ್ನ ನೋಡೂದು ಬೇಡ್ವಾ? ಅದ್ಕೇ ಕನ್ನಡಕ."

ಆಕೆ ಕುಂಚವನ್ನು ಕೆಂಪಿಗೆ ಅದ್ದಿದಳು. ಪಾಸ್‌ಬುಕ್ಕಿಗೆಂದು ಐವತ್ತರ ಮೇಲೆ ಕಲಿತ ಸಹಿ, ಬರೆಯುವಾಗ ಈಗಲೂ ನಾಲಿಗೆ ಹೊರಬರುತ್ತಿತ್ತು. ಅವನು ಬೇಡವೆಂದ ರವಿಕೆಯ ಮೇಲೆಯೇ ದಪ್ಪಗೆ ಬರೆದಳು: ತಿಮ್ಮಿ.

"ಈಗ ಬೇಕಾದ್ರೆ ಒಯ್ಯಿ."

ಅವನು ಒಯ್ಯಲಿಲ್ಲ. ಬೇರೆ ಕಲಾವಿದರು ಬೇಕಾದಷ್ಟಿದ್ದಾರೆ ಎಂದು ವೀಣಾಗೆ ಕೇಳಿಸುವ ಹಾಗೆ ಹೇಳಿ ಕಾರು ಹತ್ತಿದ. ಮೂವತ್ತು ಚಿತ್ರದ ಆರ್ಡರೂ ಅವನೊಟ್ಟಿಗೇ ಹೋಯಿತು.

ಹೊನ್ನಾವರದ ಬಸ್ಸು ಬಂದು ಹಾರ್ನು ಹೊಡೆಯಿತು. ವೀಣಾ ಕಣ್ಣೊರೆಸಿಕೊಂಡು ಹೊಸ ಕಾಗದ ತೆಗೆದಳು.

"ಬಸ್ಸು ಹೋಗ್ತದ್ಯೇ ತಂಗಿ," ಎಂದಳು ತಿಮ್ಮಿ.

"ಹೋಗ್ಲಿ. ನೀವು ಕನ್ನಡಕ ಸರಿ ಮಾಡ್ಕೊಳ್ಳಿ."

ಕೆಂಪು ಹೆಸರಿನ ಚಿತ್ರ ಈಗ ತಿಮ್ಮಿಯ ದೊಡ್ಡ ಕೊಡೆಯ ಕಡ್ಡಿಗೆ ನೇತಾಡುತ್ತದೆ. ಅದು ಯಾರದೆಂದು ಗಿರಾಕಿಗಳು ಕೇಳಿದರೆ ಆಕೆ ತಕ್ಕಡಿಯಿಂದ ಕಣ್ಣು ಎತ್ತುವುದಿಲ್ಲ.

"ಓದೂಕೆ ಬರ್ತದಲ್ಲ? ಓದು."