ಜಯಂತ ರಾಯರ ಲ್ಯಾಟಿನ್

ಆಕಾರವನ್ನು ಹೇಳುವ ಯಾವುದಾದರೊಂದು ಇಂಗ್ಲಿಷ್ ಪದ ಕಿವಿಗೆ ಬಿದ್ದರೆ ಸಾಕು, ಜಯಂತ ರಾಯರ ಬಲಗೈಯ ತೋರುಬೆರಳು ಎಡ ಅಂಗೈಯ ಮೇಲೆ ತಾನಾಗಿಯೇ ಚಿತ್ರ ಬಿಡಿಸತೊಡಗುತ್ತದೆ. ಮುಂಬಯಿ ಬಳಿಯ ಡೊಂಬಿವಲಿಯ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತರಾದ ಈ ಉಡುಪಿಯ ಮನುಷ್ಯನಿಗೆ ಲ್ಯಾಟಿನ್ ಎಂದರೆ ಪಂಚಪ್ರಾಣ. ಬೇಸಿಗೆಯಲ್ಲೂ ಮೈಬಿಡದ ಬೂದು ಕೋಟು, ಭುಜವೊಂದನ್ನು ಮುಂದೆ ಮಾಡಿ ಸಂದಿ ಹುಡುಕುವ ಲೋಕಲ್ ಟ್ರೈನಿನ ನಡಿಗೆ, ಮಾತಿಗೆ ಮುಂಚೆ 'ಇದು ನೋಡಿ' ಎಂಬ ಪಲ್ಲವಿ. ಲೆನ್ಸ್ ಎಂಬುದು ಮೂಲತಃ ರೋಮನರ ಮಸೂರ ಬೇಳೆಯೆಂದು, ಉಸಿರಾಡಲೂ ಜಾಗವಿಲ್ಲದ ರೈಲು ಡಬ್ಬಿಯಲ್ಲಿ ಠಾಣೆ ಸ್ಟೇಷನ್ ಬರುವವರೆಗೂ ಅವರು ನನ್ನ ತಲೆ ತಿಂದದ್ದುಂಟು. ನಮ್ಮ ಹೌಸಿಂಗ್ ಸೊಸೈಟಿಯ ಕನ್ನಡದವರೆಲ್ಲ ಡಾಕ್ಟರು ಹೇಳಿದ ಪದಗಳನ್ನು ಅವರ ಬಳಿಗೇ ಒಯ್ಯುತ್ತೇವೆ. ರೋಗ ಎಂಥದೇ ಇರಲಿ, ಪದ ಸೊಗಸಾಗಿದ್ದರೆ ಅವರಿಗೆ ಹಿಗ್ಗು.

ಕಳೆದ ತಿಂಗಳು ಅವರ ಹೆಂಡತಿ ವೇದಕ್ಕನ ಕೆಮ್ಮು ನಿಲ್ಲದೆ, ಠಾಣೆಯ ಆಸ್ಪತ್ರೆಯೊಂದಕ್ಕೆ ಇಬ್ಬರನ್ನೂ ನಾನೇ ಕಾರಿನಲ್ಲಿ ಕರೆದೊಯ್ದೆ. ವೇದಕ್ಕನಿಗೆ ಇಂಗ್ಲಿಷ್ ಬಾರದು. ಆಕೆ ಗಾಬರಿಯಾಗಬಾರದೆಂದೇ ಡಾಕ್ಟರು ಮರಾಠಿ ಬಿಟ್ಟು ಇಂಗ್ಲಿಷಿಗೆ ಹೊರಳಿ, ಶ್ವಾಸಕೋಶದ ಗಂಟು 'ಸ್ಪಿಕ್ಯುಲೇಟೆಡ್' ಆಗಿ ಕಾಣುತ್ತಿದೆ ಎಂದಷ್ಟೇ ಮೆಲ್ಲಗೆ ಹೇಳಿ ರಾಯರ ಮುಖ ನೋಡಿದರು. ರಾಯರ ಬೆರಳು ಆಗಲೇ ಅಂಗೈಗೆ ಇಳಿದಿತ್ತು.

"ಇದು ನೋಡು ವೇದಾ, ಚಂದದ ಶಬ್ದ. ಸ್ಪೀಕಾ ಅಂದ್ರೆ ಲ್ಯಾಟಿನ್ನಲ್ಲಿ ತೆನೆ. ಸ್ಪಿಕ್ಯುಲಂ ಅಂದ್ರೆ ಸಣ್ಣ ಮೊನೆ. ಗಂಟಿನ ಸುತ್ತ ಭತ್ತದ ತೆನೆಯ ಹಾಗೆ ಮುಳ್ಳು ಮುಳ್ಳು."

ಅದು ಕ್ಯಾನ್ಸರ್ ಎಂದು ಡಾಕ್ಟರ ದನಿಯಿಂದಲೇ ನನಗೆ ತಿಳಿದುಹೋಗಿತ್ತು. ಕನ್ನಡ ತಿಳಿಯದ ಡಾಕ್ಟರು ಕೂಡ ಆ ಹಿಗ್ಗನ್ನು ಕಂಡು ಬೆಚ್ಚಿ ಕುರ್ಚಿಗೆ ಒರಗಿದರು. ವೇದಕ್ಕ ಮಾತ್ರ ಗಂಡನ ಅಂಗೈಯನ್ನೇ ನೋಡುತ್ತ ಕೇಳಿದರು: "ಗದ್ದೆಗೆ ಇಳಿದ್ರೆ ಆ ಮುಳ್ಳು ಸೀರೆಗೆ ಕಚ್ಚಿಕೊಳ್ತದಲ್ಲ, ಎಳೆದಷ್ಟೂ ಒಳಗೆ ಹೋಗ್ತದೆ. ಇದೂ ಹಾಗೆ ಉಂಟಾ?"

ಬೆರಳು ನಿಂತಿತು. ಎಂದೂ ಉತ್ತರಕ್ಕೆ ತಡವರಿಸದ ರಾಯರ ಮುಖ, ತಾವೇ ಆಡಿದ್ದು ಆಗಷ್ಟೇ ಕಿವಿಗೆ ಬಿದ್ದಂತೆ ಬಿಳಚಿಕೊಂಡಿತು. ಆ ಗಳಿಗೆಯಲ್ಲಿ ನನಗೆ ಅವರ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂದದ್ದು ನಿಜ.

"ಹೌದು" ಎಂದರು ಕೊನೆಗೆ.

ವೇದಕ್ಕ ಆ ಅಂಗೈಯನ್ನು ಮಡಚಿ ತಮ್ಮ ಕೈಯೊಳಗೆ ಹಿಡಿದುಕೊಂಡರು. "ಹೇಳಿದ್ದು ಒಳ್ಳೆದಾಯ್ತು. ನೀವಲ್ಲದಿದ್ರೆ ನನಗೆ ಯಾರು ಹೇಳ್ತಿದ್ರು?"

ಶಬ್ದವ್ಯಾಮೋಹಿಗಳ ಕುಲವೇ ಹೀಗೆ. ಅರ್ಥವನ್ನು ಊರಿಗೆಲ್ಲ ಹಂಚುತ್ತ ತಿರುಗುವ ಇವರಿಗೆ, ಅದು ಒಂದು ದಿನ ತಮ್ಮ ಮನೆಯನ್ನೂ ಹೊಗಬಹುದೆಂಬ ಎಚ್ಚರವಿರುವುದಿಲ್ಲ; ಸುಳ್ಳಾಡಿ ಸಂತೈಸುವ ಜಾಣತನವಂತೂ ಒಲಿದೇ ಇರುವುದಿಲ್ಲ. ನಮ್ಮಂಥ ಜಾಣರ ಮನೆಗಳಲ್ಲಿ ಹಾಗಲ್ಲ. ಅಲ್ಲಿ ರೋಗಿಯೊಬ್ಬಳನ್ನು ಬಿಟ್ಟು ಉಳಿದವರಿಗೆಲ್ಲ ಅವಳ ರೋಗ ಗೊತ್ತಿರುತ್ತದೆ.