ಚಾವಡಿಗೆ ಬಂದ ಫ್ರಿಜ್ಜು

"ದೀಪ ನೀಲಿ ಉಂಟು," ಎಂದರು ರಿಪೇರಿಗೆ ಬಂದ ಪೋಕರ್ ಬ್ಯಾರಿ. ಮನೆಯ ಮುಂದಿನ ಚಾವಡಿಯ ನೆಲಕ್ಕೆ ಕೆನ್ನೆಯಿಟ್ಟು ಮಲಗಿ, ಫ್ರಿಜ್ಜಿನ ಅಡಿಯ ಸಂದಿಯಿಂದ ಇಣುಕಿ ನೋಡುತ್ತಿದ್ದರು. "ಬತ್ತಿ ಸಮ ಕತ್ತರಿಸಿದ್ದಾರೆ. ಹೊಗೆ ಇಲ್ಲ. ಯಾರು ನೋಡುದು ಇದನ್ನು?"

"ನಾನು," ಎಂದಳು ನೀಲಾವತಿ.

ಬತ್ತಿ ಸಮ ಇದೆ ಎಂಬ ಈ ಒಂದು ಮಾತಿಗಾಗಿ ಅವಳು ಮೂರು ವಾರ ಕಾದಿದ್ದಳು. ಈಗ ಕೇಳಿದ ಮೇಲೆ ಸಮಾಧಾನವಾಗುವ ಬದಲು ಸಿಟ್ಟು ಇನ್ನೂ ಏರಿತು. ಮಾವ ದೇರಣ್ಣ ಗೌಡರು ಏನೂ ಕೇಳಿಸದವರಂತೆ ಅಂಗಳದ ಕಡೆ ನೋಡುತ್ತ ಕುಳಿತಿದ್ದರು. ಬೈಯುವಾಗ ಇಡೀ ಪಂಜ ಪೇಟೆಗೆ ಕೇಳುವ ಹಾಗೆ ಬೈದ ಮನುಷ್ಯ.

ದೇರಣ್ಣ ಗೌಡರದ್ದು ಪಂಜದಲ್ಲಿ ಅಕ್ಕಿ ಮಿಲ್ಲು. ಎರಡು ವರ್ಷದ ಹಿಂದೆ, ಅರುವತ್ತೆರಡನೇ ಇಸವಿಯಲ್ಲಿ, ಎಸ್ಟೇಟು ಬಿಟ್ಟು ಹೋಗುತ್ತಿದ್ದ ಬಿಳಿಯ ದೊರೆಯೊಬ್ಬನ ಕೈಯಿಂದ ಈ ಫ್ರಿಜ್ಜು ಕೊಂಡಿದ್ದರು. ಊರಿಗೆ ಕರೆಂಟು ಬಂದಿರಲಿಲ್ಲ; ಇದು ಚಿಮಿಣಿ ಎಣ್ಣೆಯಲ್ಲಿ ನಡೆಯುವಂಥದ್ದು. ಕೆಳಗೆ ದೀಪ ಉರಿದರೆ ಮೇಲೆ ನೀರು ಗಡ್ಡೆ ಕಟ್ಟುತ್ತದೆ ಎಂದರೆ ಯಾರು ನಂಬುತ್ತಾರೆ, ಹಾಗಾಗಿ ನೋಡಲಿಕ್ಕೆ ಜನ ಬರುತ್ತಿದ್ದರು. ಕೊಂಡದ್ದು ಮಾತ್ರ ಹೆಂಡತಿ ಕಮಲಾವತಿಗಾಗಿ. ಆಕೆಗೆ ಸಕ್ಕರೆ ಕಾಯಿಲೆ, ದಿನಾ ಚುಚ್ಚುವ ಮದ್ದು ತಂಪಿನಲ್ಲಿರಬೇಕು. ಸಿರಿಂಜು ಕುದಿಸಿ ಚುಚ್ಚುವುದೂ ಎರಡು ಹೊತ್ತು ನೆಲದ ಮೇಲೆ ಬೋರಲು ಮಲಗಿ ದೀಪದ ಬಣ್ಣ ನೋಡುವುದೂ ಸೊಸೆ ನೀಲಾವತಿಯ ಕೆಲಸವಾಯಿತು. ಅವಳ ಕೆನ್ನೆಗೆ ಅಂಟುತ್ತಿದ್ದ ಮಸಿ ನೋಡಿ, "ನಮ್ಮ ಮಿಲ್ಲಿಗಿಂತ ಇವಳೇ ಹೆಚ್ಚು ಕರಿ ಕಾರುದು" ಎಂದು ಮಾವ ನೆಂಟರೆದುರು ನಗುತ್ತಿದ್ದರು.

ಈ ಬೇಸಗೆಯಲ್ಲಿ ಮೊದಲು ಗಡ್ಡೆ ಕಟ್ಟುವುದು ನಿಂತಿತು. ಆಮೇಲೆ ನೀರೂ ತಣ್ಣಗಾಗಲಿಲ್ಲ. ಒಂದು ಬೆಳಿಗ್ಗೆ ಅತ್ತೆ ಎಷ್ಟು ಕರೆದರೂ ಸರಿಯಾಗಿ ಕಣ್ಣು ಬಿಡಲಿಲ್ಲ. ಜೀಪಿನಲ್ಲಿ ಪುತ್ತೂರಿಗೆ ಒಯ್ದರು, ನಾಲ್ಕು ದಿನ ಆಸ್ಪತ್ರೆಯಲ್ಲಿಟ್ಟರು. ಮದ್ದು ಕೆಟ್ಟಿದೆ, ತಂಪು ಸಾಲಲಿಲ್ಲ ಎಂದರು ಡಾಕ್ಟರು.

ಅಷ್ಟು ಸಾಕಾಯಿತು. "ಅತ್ತೆಯನ್ನು ಮುಗಿಸ್ಲಿಕ್ಕೆ ದೀಪ ಸಣ್ಣ ಮಾಡಿ ಇಟ್ಟಿದ್ದಾಳೆ," ಎಂದು ದೇರಣ್ಣ ಗೌಡರು ಮಿಲ್ಲಿನಲ್ಲಿ ಭತ್ತದ ಮೂಟೆ ಇಟ್ಟು ಕಾಯುತ್ತಿದ್ದವರ ಎದುರೇ ಹೇಳಿದರು. ಬತ್ತಿಯಲ್ಲಿ ತಪ್ಪಿಲ್ಲ ಮಾವ, ಬೇರೆ ಎಂತದೋ ಆಗಿದೆ ಎಂದು ಅವಳು ಅಂಗಲಾಚಿದರೆ, "ಕುಣಿಯಲಿಕ್ಕೆ ಬಾರದವಳಿಗೆ ನೆಲ ಡೊಂಕಂತೆ," ಎಂದರು. ಪೆರಾಬೆಯಲ್ಲಿದ್ದ ಅವಳ ಅಣ್ಣನಿಗೆ ಕಾಗದ ಹೋಯಿತು: ಬಂದು ಕರೆದುಕೊಂಡು ಹೋಗುವುದು, ಮತ್ತೆ ಕಳಿಸುವ ಅಗತ್ಯವಿಲ್ಲ. ಬರೆದವನು ಗಂಡ ತೀರ್ಥರಾಮ. ಅಪ್ಪ ಹೇಳಿದ್ದನ್ನು ಒಂದಕ್ಷರ ಬಿಡದೆ, ದುಂಡಗೆ, ಚಂದ ಮಾಡಿ ಬರೆದಿದ್ದ. ಬಾಯಿ ಇದ್ದರೂ ಅದು ಉಣ್ಣಲಿಕ್ಕೆ ಮಾತ್ರ ಎಂದುಕೊಂಡ ಗಂಡಸು.

ಪುತ್ತೂರಿನಲ್ಲಿ ಸ್ಟವ್ವು, ಗ್ಯಾಸ್‌ಲೈಟು ರಿಪೇರಿ ಮಾಡುವ ಪೋಕರ್ ಬ್ಯಾರಿಯನ್ನು ಕರೆಸಿದವರು ಕಮಲಾವತಿಯೇ. "ಮೊದಲು ಪೆಟ್ಟಿಗೆ ನೋಡುವವರನ್ನು ಕರೆಸಿ. ಸೊಸೆಯನ್ನು ಆಮೇಲೆ ಕಳಿಸುವಿರಂತೆ," ಎಂದಿದ್ದರು ಗಂಡನಿಗೆ.

ಪೋಕರ್ ಬ್ಯಾರಿಗಳು ಎದ್ದು ಫ್ರಿಜ್ಜಿನ ಹಿಂದೆ ಹೋಗಿ ಕೊಳವೆಗಳನ್ನು ಒಂದೊಂದಾಗಿ ಮುಟ್ಟಿದರು. "ಕೆಳಗೆ ಕೈ ಇಡ್ಲಿಕ್ಕೆ ಆಗುದಿಲ್ಲ, ಅಷ್ಟು ಬಿಸಿ. ಮೇಲೆ ಎಂತದೂ ಇಲ್ಲ. ಅಕ್ಕ, ಒಂದು ಹರಿವಾಣದಲ್ಲಿ ನೀರು ಕೊಡಿ."

ಅವಳು ತಂದ ಹರಿವಾಣವನ್ನು ಫ್ರಿಜ್ಜಿನ ಮೇಲಿಟ್ಟರು. ಅದಕ್ಕೆ ಮೊದಲು ಅಲ್ಲಿದ್ದ ಕಸೂತಿ ಬಟ್ಟೆಯನ್ನೂ ಪ್ಲಾಸ್ಟಿಕ್ಕಿನ ಹೂವನ್ನೂ ತೆಗೆದು ಪಕ್ಕಕ್ಕಿಡಬೇಕಾಯಿತು. ನೀರು ಅಂಗಳದ ಬದಿಗೆ ಸರಿದು, ಅಂಚು ದಾಟಿ ತೊಟ್ಟಿಕ್ಕಿತು. ಇನ್ನೊಂದು ಬದಿಯಲ್ಲಿ ಹರಿವಾಣದ ತಳ ಕಾಣುತ್ತಿತ್ತು.

"ಇದು ಮೊದಲಿಂದಲೂ ಇಲ್ಲೇ ಇದ್ದದ್ದಾ?"

ಮೊದಲು ಇದ್ದದ್ದು ಉಗ್ರಾಣದಲ್ಲಿ. ನಾದಿನಿ ಮೋಹಿನಿಯನ್ನು ನೋಡಲು ಗಂಡಿನವರು ಬಂದ ದಿನ, ಅವರ ಕಣ್ಣಿಗೆ ಬೀಳಲೆಂದು ಮಾವನೇ ಆಳು ಹಿಡಿದು ಚಾವಡಿಗೆ ತರಿಸಿದ್ದರು. ಗಂಡಿನವರು ತಣ್ಣಗಿನ ಶರಬತ್ತು ಕುಡಿದು ಹೋದರು, ಫ್ರಿಜ್ಜು ಅಲ್ಲೇ ಉಳಿಯಿತು. ತೊಳೆದ ನೀರು ಹರಿದು ಹೋಗಲೆಂದು ಚಾವಡಿಯ ನೆಲ ಅಂಗಳಕ್ಕೆ ಇಳಿಜಾರು. ದಿನಾ ತೊಳೆಯುತ್ತಿದ್ದವಳು ನೀಲಾವತಿಯೇ. ತನಗೂ ಹೊಳೆಯಲಿಲ್ಲವಲ್ಲ ಎಂದು ಅವಳಿಗೆ ತನ್ನ ಮೇಲೂ ಕೋಪ ಬಂತು.

"ಮಾವನೇ ತರಿಸಿದ್ದು ಇಲ್ಲಿಗೆ," ಎಂದಳು. "ಅಲ್ಲಿಂದಲೇ ಶುರು ಆದದ್ದು."

"ಒಂದು ಬೆರಳು ಇಳಿಜಾರಿಗೆ ಎಂತ ಆಗುದು?" ಎಂದರು ದೇರಣ್ಣ ಗೌಡರು. "ನನಗೂ ಇಂಜಿನ್ ಗೊತ್ತುಂಟು ಬ್ಯಾರಿಗಳೇ."

"ಇಂಜಿನ್ ಗೊತ್ತಿರಬಹುದು ಗೌಡ್ರೆ. ಇದು ಇಂಜಿನ್ ಅಲ್ಲ. ನೆಲ ಸಮ ಇಲ್ಲದಿದ್ರೆ ಕೊಳವೆಯೊಳಗೆ ತಂಪು ಮಾಡುವ ಮದ್ದುನೀರು ತಿರುಗುದಿಲ್ಲ. ದೀಪ ಎಷ್ಟು ಚಂದ ಉರಿದ್ರೂ ಎಣ್ಣೆ ದಂಡ."

ಒಳಕೋಣೆಯಿಂದ ಕಮಲಾವತಿ ನಕ್ಕದ್ದು ಕೇಳಿಸಿತು. ಆಸ್ಪತ್ರೆಯಿಂದ ಬಂದ ಮೇಲೆ ಅದು ಮೊದಲನೆಯ ನಗು.

ಬ್ಯಾರಿಗಳು ದೀಪ ಆರಿಸಿ, ಎಣ್ಣೆಯ ಡಬ್ಬಿ ತೆಗೆದು, ಮಿಲ್ಲಿನ ನಾಲ್ಕು ಆಳುಗಳಿಂದ ಫ್ರಿಜ್ಜನ್ನು ಉಗ್ರಾಣಕ್ಕೆ ಹೊರಿಸಿ ತಲೆಕೆಳಗಾಗಿ ನಿಲ್ಲಿಸಿದರು. ನಿಂತುಹೋದ ಮದ್ದುನೀರು ಹಾಗೆ ಸಡಿಲವಾಗುತ್ತದಂತೆ. ಬೆಳಿಗ್ಗೆ ನೆಟ್ಟಗೆ ಮಾಡಿ, ಸಂಜೆ ದೀಪ ಹಚ್ಚಬೇಕು. ದೇರಣ್ಣ ಗೌಡರು ಕಾಲು ಮೇಲಾದ ಫ್ರಿಜ್ಜನ್ನು ನೋಡಿ, "ಆಯ್ತಲ್ಲ, ಇನ್ನೆಂತ," ಎಂದು ಮಿಲ್ಲಿಗೆ ಹೊರಟರು. ಅಷ್ಟೇ. ಮೂರು ವಾರದ ಮಾತಿಗೆಲ್ಲ ಅಷ್ಟೇ.

ಮರುದಿನ ಮಧ್ಯಾಹ್ನದ ಬಸ್ಸಿಗೆ ಅಣ್ಣ ಬಂದ. ದೇರಣ್ಣ ಗೌಡರು ಅವನನ್ನು ಕೂರಿಸಿ, ಮಜ್ಜಿಗೆ ಕೊಡಿಸಿ, "ಎಂತ ಇಲ್ಲ ಮಾರಾಯ, ಸುಮ್ಮನೆ ಬರೆದದ್ದು. ಎಲ್ಲ ಸರಿ ಆಯ್ತು. ನಾಲ್ಕು ದಿನ ನಿಂತು ಹೋಗು," ಎಂದರು.

ನೀಲಾವತಿ ಅಣ್ಣನ ಜೇಬಿನಿಂದ ಕಾಗದ ತೆಗೆದು ಗಂಡನ ಮುಂದೆ ಹಿಡಿದಳು. "ಓದಿ. ನೀವೇ ಬರೆದದ್ದಲ್ವಾ? ಗಟ್ಟಿಯಾಗಿ ಓದಿ, ಸುಮ್ಮನೆ ಬರೆದದ್ದು ಹೇಗೆ ಉಂಟು ಅಂತ ಎಲ್ಲರೂ ಕೇಳಲಿ."

ತೀರ್ಥರಾಮ ಕಾಗದ ತೆಗೆದುಕೊಂಡು ಮಡಿಕೆ ಬಿಡಿಸಿದ.

"ಬೇಡ ಬಿಡು ಈಗ," ಎಂದರು ಮಾವ. "ನೀನು ಹೋಗುದು ಬೇಡ ಅಂತ ನಾನೇ ಹೇಳ್ತಾ ಇದ್ದೇನಲ್ಲ."

"ಹೋಗು ಅಂತ ಹೇಳಿದ್ದೂ ನೀವೇ. ಮಿಲ್ಲಿನಲ್ಲಿ ಹೇಳಿದ್ದು ಸುಳ್ಳು ಅಂತ ಮಿಲ್ಲಿನಲ್ಲೇ ಹೇಳಿ, ನಾನು ಆ ದಿನ ಬರ್ತೇನೆ. ಅಲ್ಲಿವರೆಗೆ ಪೆರಾಬೆಯಲ್ಲಿರ್ತೇನೆ." ಅವಳು ಗಂಡನ ಕಡೆ ಕೈ ತೋರಿಸಿದಳು. "ಸೂಜಿ ಚುಚ್ಚಲಿಕ್ಕೆ ಇವರಿಗೆ ಬೆಳಿಗ್ಗೆಯೇ ಕಲಿಸಿದ್ದೇನೆ. ಅತ್ತೆಯ ಮೈಗೆ ಚುಚ್ಚುವಾಗ ಅತ್ತರು, ಆದರೂ ಚುಚ್ಚಿದ್ರು. ಸಂಜೆ ದೀಪ ನೋಡ್ಲಿಕ್ಕೆ ನೀವು ಬನ್ನಿ ಮಾವ."

"ನಾನಾ? ಆಳುಗಳಿಲ್ವಾ?"

"ಹೋಗಿ ಕಲಿತುಕೊಳ್ಳಿ," ಎಂದರು ಒಳಕೋಣೆಯಿಂದ ಕಮಲಾವತಿ. "ಆಳುಗಳ ಕೈಗೆ ಕೊಡ್ಲಿಕ್ಕೆ ಅದು ನಿಮ್ಮ ಭತ್ತ ಅಲ್ಲ ಮಾರಾಯ್ರೆ. ಸಾಯುವವಳು ನಾನು."

ಸಂಜೆ, ದೀಪ ಹಚ್ಚಲು ಅವರು ಉಗ್ರಾಣಕ್ಕೆ ಬಂದಾಗ ಫ್ರಿಜ್ಜು ನೆಟ್ಟಗೆ ನಿಂತಿತ್ತು. ಪಕ್ಕದಲ್ಲಿ, ಒದ್ದೆ ಮರಳು ತುಂಬಿದ ಹೊಸ ಮಡಕೆಯಲ್ಲಿ, ತಂಪಿಗೆಂದು ನೀಲಾವತಿ ಹುಗಿದಿಟ್ಟ ಮದ್ದಿನ ಬಾಟ್ಲಿ ಇತ್ತು. ದೇರಣ್ಣ ಗೌಡರು ಕತ್ತರಿ ಹಿಡಿದು ಬತ್ತಿ ಸಮ ಮಾಡಿದರು. ಎರಡು ಸಲ ಓರೆಯಾಯಿತು, ಮೂರನೆಯ ಸಲಕ್ಕೆ ಆಯಿತು. ದೀಪ ಹಚ್ಚಿ ಒಳಗೆ ತಳ್ಳಿ, ಸೊಂಟ ಹಿಡಿದುಕೊಂಡು ಕುಕ್ಕರುಗಾಲಲ್ಲಿ ಕುಳಿತು ಇಣುಕಿದರು.

"ಬಣ್ಣ ಎಂತದು?" ಎಂದು ಕೇಳಿದಳು.

"ಕಾಣುದಿಲ್ಲ."

"ಕೂತರೆ ಕಾಣುದಿಲ್ಲ. ಮಲಗಬೇಕು."

ಅವರು ಅಂಗೈ ಊರಿ ಮೆಲ್ಲಗೆ ಬೋರಲಾದರು. ಹೊಟ್ಟೆ ಅಡ್ಡ ಬಂತು. "ಹಳದಿ," ಎಂದರು.

"ಹಳದಿ ಆಗುದಿಲ್ಲ. ಬತ್ತಿ ಸ್ವಲ್ಪ ಇಳಿಸಿ. ಇನ್ನೂ ಬಗ್ಗಿ. ಕೆನ್ನೆ ನೆಲಕ್ಕೆ ತಾಗ್ಬೇಕು."

ಅವರು ಬತ್ತಿ ಇಳಿಸಿ, ಕೆನ್ನೆಯನ್ನು ನೆಲಕ್ಕೆ ತಾಗಿಸಿದರು. ಬಾಗಿಲಲ್ಲಿ ತೀರ್ಥರಾಮ ಕಾಗದ ಹಿಡಿದುಕೊಂಡೇ ನಿಂತಿದ್ದ.

"ನೀಲಿ," ಎಂದರು ದೇರಣ್ಣ ಗೌಡರು.

"ನಾಳೆ ಬೆಳಿಗ್ಗೆ ಆರಕ್ಕೆ ಮತ್ತೆ ನೋಡಿ," ಎಂದು ನೀಲಾವತಿ ತನ್ನ ಟ್ರಂಕು ಎತ್ತಿಕೊಂಡಳು.

ಅವರು ಗೋಡೆ ಹಿಡಿದು ಎದ್ದರು. ಎಡಗೆನ್ನೆಯ ಮೇಲೆ ದೊಡ್ಡ ಕುಂಕುಮದ ಬೊಟ್ಟಿನಷ್ಟು ಮಸಿ ಇತ್ತು. ಒರೆಸಿಕೊಳ್ಳಿ ಎಂದು ಯಾರೂ ಹೇಳಲಿಲ್ಲ.