ಯಂತ್ರಕ್ಕೆ ಕಿವಿಗೊಟ್ಟವರು

ಯಾವ ಯಂತ್ರ ಎದುರಿಗೆ ಬಂದರೂ ಹಾಲಸಿದ್ದಪ್ಪನವರು ಮೊದಲು ಕೈ ಹಚ್ಚುವುದಿಲ್ಲ, ಕಿವಿ ಹಚ್ಚುತ್ತಾರೆ. ರಾಣೆಬೆನ್ನೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿರುವ ಅವರ ಅಂಗಡಿಗೆ ಕಂಪ್ಯೂಟರ್ ಹೊತ್ತು ತಂದವರು ದೂರು ಹೇಳಲು ಬಾಯಿ ತೆರೆದರೆ ಸಾಕು, "ತಡೀರಿ, ಮೊದ್ಲ ಅದು ಹೇಳ್ಲಿ" ಎಂದು ಕೈಯೆತ್ತಿ, ಕಣ್ಣು ಮುಚ್ಚಿ, ಡಬ್ಬಿಯ ತಗಡಿಗೆ ಬಲಗಿವಿಯನ್ನೊತ್ತಿ, ಗರ್ಭಗುಡಿಯ ಹೊಸ್ತಿಲಲ್ಲಿ ನಿಂತ ಭಕ್ತನಂತೆ ನಿಶ್ಚಲರಾಗುತ್ತಾರೆ. ಮೂವತ್ತು ವರ್ಷ ರೇಡಿಯೊ ರಿಪೇರಿ ಮಾಡಿದ ಕಿವಿ ಅದು. ಅಂಗಡಿ ಎಷ್ಟು ಇಕ್ಕಟ್ಟೆಂದರೆ, ಅದರೊಳಗೆ ಅಡ್ಡಡ್ಡ ನಡೆದು ರೂಢಿಯಾಗಿ, ಬಯಲಿಗೆ ಬಂದರೂ ಎಡಭುಜವನ್ನು ಮುಂದೆ ಮಾಡಿಯೇ ನಡೆಯುತ್ತಾರೆ. ಕಡುಬೇಸಿಗೆಯಲ್ಲೂ ಬಿಡದ ಖಾಕಿ ಕೋಟಿನ ಕಿಸೆಗಳಲ್ಲಿ ಸ್ಕ್ರೂಗಳು ಗೆಜ್ಜೆಯಂತೆ ಸಪ್ಪಳಿಸುತ್ತವೆ.

ನಾನು ಪ್ರವಚನ ಹೇಳುವವನು. ಹಾವೇರಿಯ ನನ್ನ ಮನೆಯ ಕಂಪ್ಯೂಟರಿನಲ್ಲಿ ಹದಿನಾರು ವರ್ಷಗಳ ಪ್ರವಚನಗಳ ಧ್ವನಿಮುದ್ರಣವಿತ್ತು. ಪ್ರತಿಯೊಂದರ ಕೊನೆಗೆ, ಈಗ ಭಗವಂತನ ಪಾದ ಸೇರಿರುವ ನನ್ನ ಮಡದಿ ನಲಿನಿ ಹಾಡಿದ ಮಂಗಳವಿತ್ತು. ಅವಳ ದನಿ ಬೇರೆಲ್ಲಿಯೂ ಉಳಿದಿರಲಿಲ್ಲ. ಆ ಯಂತ್ರ ಚಾಲೂ ಆಗಲು ನನ್ನ ಬೆಳಗಿನ ಪೂಜೆಯಷ್ಟು ಹೊತ್ತು ಹಿಡಿಯತೊಡಗಿದಾಗ ಹಾಲಸಿದ್ದಪ್ಪನವರಲ್ಲಿಗೆ ಒಯ್ದೆ.

"ಹಾರ್ಡ್‌ಡಿಸ್ಕಿಗೆ ಮುಪ್ಪು ಬಂದೈತ್ರಿ ಗುರುಗಳ, ಎದಿ ಇನ್ನೂ ಗಟ್ಟಿ ಐತಿ," ಎಂದರು ಕೇಳಿ ಮುಗಿಸಿ. "ಬಾಜೂಕ ಎಸ್ಸೆಸ್‌ಡಿ ಅಂತ ಒಂದು ಹೊಸಾ ನಮೂನಿ ಡಿಸ್ಕ್ ಕುಂದ್ರಸ್ತೇನಿ. ಅದರಾಗ ತಿರಗೂದು ಏನೂ ಇಲ್ಲ, ಮೂಕ ಐತಿ, ಆದ್ರ ಭಾಳ ಲಗೂ. ಎಬ್ಬಸೂ ಕೆಲಸ ಹೊಸಾದು ಮಾಡ್ಲಿ, ಕಾಯೂ ಕೆಲಸ ಹಳೇದು ಮಾಡ್ಲಿ."

ಮರಳಿ ತರಲು ಹೋದ ದಿನ ಅವರು ಏನನ್ನೋ ವಿವರಿಸತೊಡಗಿದರು. ಅವರ ಮಾತು ನಿಧಾನ, ಪ್ರತಿ ವಾಕ್ಯದ ಕೊನೆಗೆ "ತಿಳೀತಿಲ್ರಿ?" ಎಂದು ಕೇಳಿ, ಉತ್ತರ ಬರುವವರೆಗೆ ಮುಂದಕ್ಕೆ ಹೋಗುವುದಿಲ್ಲ. ನನ್ನ ಬಸ್ಸು ಹೊರಡುವುದರಲ್ಲಿತ್ತು. "ಎಲ್ಲಾ ತಿಳೀತ್ರಿ" ಎಂದು ಸುಳ್ಳು ಹೇಳಿ, ಡಬ್ಬಿಯನ್ನು ಬಗಲಲ್ಲಿ ಅವುಚಿಕೊಂಡು ಓಡಿದೆ.

ಮನೆಯಲ್ಲಿ ಯಂತ್ರ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಚಾಲೂ ಆಯಿತು. ಪರದೆ ಮಾತ್ರ ಬರಿದಾಗಿತ್ತು. ಪ್ರವಚನಗಳಿರಲಿಲ್ಲ, ನಲಿನಿ ಇರಲಿಲ್ಲ. ಫೋನು ಹಚ್ಚಿ ಒಂದು ಮಾತು ಕೇಳುವ ಸಹನೆ ನನಗೆ ಬರಲಿಲ್ಲ.

ಆ ಸಂಜೆ ಬ್ಯಾಡಗಿಯ ಗುಡಿಯಲ್ಲಿ ಶ್ರಾವಣದ ಪ್ರವಚನ. ವಿಷಯ, ಹೇಳಲು ನಾಚಿಕೆಯಾಗುತ್ತದೆ, ಶ್ರವಣಭಕ್ತಿ. ಕೇಳುವಂತೆ ನಟಿಸುವವರ ಬಗ್ಗೆ ನನಗೊಂದು ದೃಷ್ಟಾಂತ ಬೇಕಾಗಿತ್ತು. ನಾನು ಎದ್ದು ನಿಂತು ಎಡಭುಜ ಮುಂದೆ ಮಾಡಿ ನಾಲ್ಕು ಹೆಜ್ಜೆ ನಡೆದೆ, ಕಣ್ಣು ಮುಚ್ಚಿ ಮೈಕಿನ ಕಂಬಕ್ಕೆ ಕಿವಿ ಹಚ್ಚಿದೆ. "ಕಿವಿ ಹಚ್ಚಿ ಕೇಳ್ತಾನ, ಇದ್ದದ್ದನ್ನೆಲ್ಲಾ ಅಳಿಸಿ ಕಳಸ್ತಾನ" ಎಂದೆ. ಹೆಸರು ಹೇಳುವ ಅಗತ್ಯವಿರಲಿಲ್ಲ, ಆ ನಡಿಗೆ ಸುತ್ತಲಿನ ಊರುಗಳಿಗೆಲ್ಲ ಪರಿಚಿತ; ಮಂಟಪವೆಲ್ಲ ನಕ್ಕು ಚಪ್ಪಾಳೆ ತಟ್ಟಿತು. ಹಿಂದಿನ ಕಂಬದ ಬಳಿಯಿಂದ ಒಂದು ಖಾಕಿ ಕೋಟು ಎದ್ದು, ಯಾರ ಕಾಲನ್ನೂ ತುಳಿಯದಂತೆ ಅಡ್ಡಡ್ಡ ಸರಿದು ಹೊರಗೆ ಹೋಯಿತು. ಪ್ರತಿ ಸೋಮವಾರ ಅವರು ನನ್ನ ಪ್ರವಚನ ಕೇಳಲು ಅಲ್ಲಿಗೆ ಬರುತ್ತಿದ್ದುದು ನನಗೆ ಗೊತ್ತಿತ್ತು. ನಾನು ಕಂಡೆ, ಕಂಡೂ, ನಗು ಅಡಗುವ ಮುನ್ನ ಇನ್ನೊಮ್ಮೆ ಕಿವಿ ಹಚ್ಚಿ ತೋರಿಸಿದೆ.

ಮರುದಿನ ಮುಂಜಾನೆ ಹಾಲಸಿದ್ದಪ್ಪನವರು ನನ್ನ ಮನೆಯ ಬಾಗಿಲಲ್ಲಿದ್ದರು. ಚಹಾ ಬೇಡವೆಂದರು. ಯಂತ್ರವನ್ನು ಚಾಲೂ ಮಾಡಿ, ಕಿವಿ ಹಚ್ಚಿ, "ಇಲ್ಲೇ ಐತ್ರಿ, ಉಸರಾಡಾಕತ್ತೈತಿ" ಎಂದು ತಮಗೆ ತಾವೇ ಹೇಳಿಕೊಂಡು ಪರದೆಯ ಮೇಲೆ ಬೆರಳಿಟ್ಟರು. "ಎರಡು ಡ್ರೈವ್ ಕಾಣ್ತಾವ ನೋಡ್ರಿ. ತೆರದ ಕೂಡ್ಲೆ ಕಾಣೂದು ಹೊಸಾದು. ನಿಮ್ಮ ಸಾಮಾನೆಲ್ಲಾ ಈ ಎರಡನೇದ್ರಾಗ ಐತಿ. ಅವತ್ತ ಇದನ್ನ ಹೇಳಾಕ ಹತ್ತಿದ್ದೆ. ತಿಳೀತಿಲ್ರಿ?"

ನಲಿನಿಯ ಮಂಗಳ ಕೋಣೆಯನ್ನು ತುಂಬಿತು. ಅವರು ಉತ್ತರಕ್ಕಾಗಿ ಕಾದು ಕುಳಿತಿದ್ದರು.

"ತಿಳೀತ್ರಿ," ಎಂದೆ. ಕಾಲಿಗೆ ಬಾಗಲು ಹೋದರೆ ಹಿಂದಕ್ಕೆ ಸರಿದರು. "ನನಗ್ಯಾಕ್ರಿ? ನಕ್ಕವರಿಗೆ ಹೇಳ್ರಿ."

ಮುಂದಿನ ಸೋಮವಾರ ಅದೇ ವೇದಿಕೆಯಲ್ಲಿ ಅವರ ಹೆಸರು ಹಿಡಿದೇ ತಪ್ಪೊಪ್ಪಿಕೊಂಡೆ. ಸಭೆ ಚಪ್ಪಾಳೆ ತಟ್ಟಿತು, ನನ್ನ ವಿನಯವನ್ನು ಕೊಂಡಾಡಿ, ಸಾಲುಗಟ್ಟಿ ನನ್ನ ಪಾದ ಮುಟ್ಟಿತು. ಸಾಲಿನ ಕೊನೆಗಿದ್ದ ಮುದುಕವ್ವ, ಗುಡಿಯ ಅಂಗಳ ಗುಡಿಸುವಾಕೆ, ನಮಸ್ಕರಿಸಲಿಲ್ಲ. "ಅವತ್ತ ಅವನ ಹೆಸರು ಕೆಡಿಸಿ ಚಪ್ಪಾಳಿ ತಗೊಂಡ್ರಿ, ಇವತ್ತ ಒಪ್ಪಿಕೊಂಡು ಮತ್ತ ನೀವ ತಗೊಂಡ್ರಿ. ಅವಗೇನ್ ಬಂತ್ರಿ, ಗುರುಗಳ?" ಎಂದಳು. ಹಿಂದಿನ ಕಂಬದ ಬುಡ ಖಾಲಿಯಿತ್ತು. ಹಾಲಸಿದ್ದಪ್ಪನವರು ಮತ್ತೆ ಆ ಗುಡಿಗೆ ಬಂದಿಲ್ಲ.

ಅಂಗಡಿ ಮೊದಲಿನಂತೆಯೇ ನಡೆದಿದೆ. ನಾನು ಹೋದರೆ "ಬರ್ರಿ, ಕುಂದ್ರಿ" ಎನ್ನುತ್ತಾರೆ. ಯಂತ್ರಗಳಿಗೆ ಈಗಲೂ ಕಿವಿ ಹಚ್ಚುತ್ತಾರೆ. ಆದರೆ ಹಚ್ಚುವ ಮೊದಲು, ಯಾರಾದರೂ ನೋಡುತ್ತಿರುವರೋ ಎಂದು ಒಮ್ಮೆ ಓಣಿಯತ್ತ ಕಣ್ಣು ಹಾಯಿಸುತ್ತಾರೆ. ಆ ನೋಟವನ್ನು ಅವರಿಗೆ ಕಲಿಸಿದವನು ನಾನು.

ಇಂಥವರು ಊರೂರಿನಲ್ಲೂ ಇದ್ದಾರೆ: ಹೊಸದನ್ನು ಕೂರಿಸುವಾಗ ಹಳೆಯದನ್ನು ಕಿತ್ತೆಸೆಯದವರು, ತಮ್ಮ ಕೈಗೊಪ್ಪಿಸಿದ್ದನ್ನು ತಮ್ಮದಕ್ಕಿಂತ ಜತನವಾಗಿ ಕಾಯುವವರು. ನಮ್ಮನ್ನಗಲಿದವರ ದನಿಯನ್ನೂ ಅವರು ಉಳಿಸಿಕೊಡಬಲ್ಲರು. ಮಾತನ್ನೇ ಬದುಕಾಗಿಸಿಕೊಂಡ ನಮ್ಮಂಥವರು ಮಾತ್ರ, ಅವರ ಒಂದು ವಾಕ್ಯ ಮುಗಿಯುವವರೆಗೆ ನಿಲ್ಲಲಾರೆವು.